ಠೇವಣಿ ಕಟ್ಟಿಲ್ಲವೆಂದು ವಜಾ ಆದ ಮೇಲ್ಮನವಿ: ಪೀಣ್ಯದ ಒಂದು ಕಡತದ ಅಧ್ಯಯನ

ಇದು ಯಾವುದೋ ಒಂದು ಸಂಸ್ಥೆಯ ನಿಜ ಕಡತವಲ್ಲ. ಬೆಂಗಳೂರಿನ ಸೇವಾ ತೆರಿಗೆ ವ್ಯಾಜ್ಯಗಳಲ್ಲಿ ಮೇಲಿಂದ ಮೇಲೆ ಎದುರಾಗುವ ತೊಡಕುಗಳನ್ನು ಒಂದೇ ಕಡೆ ಕಾಣುವಂತೆ ಜೋಡಿಸಿಕೊಂಡ ಪ್ರಕರಣ. ಮೊತ್ತ, ತಿಂಗಳು, ಕಕ್ಷಿದಾರ, ಕೊನೆಗೆ ಬರುವ ಆದೇಶ ಎಲ್ಲವೂ ಲೆಕ್ಕ ಅರ್ಥವಾಗಲೆಂದು ಇಟ್ಟದ್ದು. ಕಾಯ್ದೆ, ಸುತ್ತೋಲೆ, ಸುಪ್ರೀಂ ಕೋರ್ಟ್ ತೀರ್ಪುಗಳು ಮಾತ್ರ ಇದ್ದದ್ದು ಇದ್ದಂತೆ.

ಕಕ್ಷಿದಾರರು ಪೀಣ್ಯದ ಒಂದು ಪಾಲುದಾರಿಕೆ ಸಂಸ್ಥೆ. ಕಾರ್ಖಾನೆಗಳಿಗೆ ಕೂಲಿಯಾಳು, ಹೆಲ್ಪರ್, ಸೆಕ್ಯೂರಿಟಿ ಗಾರ್ಡ್ ಒದಗಿಸುವ ಲೇಬರ್ ಕಾಂಟ್ರ್ಯಾಕ್ಟ್ ಕೆಲಸ. ಸೇವಾ ತೆರಿಗೆ ನೋಂದಣಿ ಇರಲಿಲ್ಲ. 2015-16ರಿಂದ 2017ರ ಜೂನ್‌ವರೆಗೆ ಆದಾಯ ತೆರಿಗೆಯ ಟಿಡಿಎಸ್ ವಿವರಪಟ್ಟಿ 26ಎಎಸ್‌ನಲ್ಲಿ ಸುಮಾರು 22 ಕೋಟಿ ರೂಪಾಯಿ ಪಾವತಿ ಕಂಡಿತು. ಅದನ್ನೇ ಆಧಾರವಾಗಿಟ್ಟು 2020ರ ಡಿಸೆಂಬರ್‌ನಲ್ಲಿ ಶೋಕಾಸ್ ನೋಟಿಸು ಬಂತು. 2022ರ ಜನವರಿಯಲ್ಲಿ ಆಯುಕ್ತರ ಆದೇಶವಾಯಿತು: ತೆರಿಗೆ 3,20,00,000 ರೂ., ಅದರ ಮೇಲೆ ಬಡ್ಡಿ, ಹಣಕಾಸು ಕಾಯ್ದೆ 1994ರ 78ನೇ ಸೆಕ್ಷನ್ ಕೆಳಗೆ ತೆರಿಗೆಯಷ್ಟೇ ದಂಡ. ಆದೇಶ ಕೈಸೇರಿದ್ದು ಫೆಬ್ರವರಿಯಲ್ಲಿ. ತೆರಿಗೆ 2 ಕೋಟಿ ಮೀರಿದ್ದರಿಂದ ಆದೇಶ ಆಯುಕ್ತರ ಮಟ್ಟದಲ್ಲೇ ಆಗಿತ್ತು. ಹಾಗಾಗಿ ಮೇಲ್ಮನವಿ ನೇರವಾಗಿ ಸೆಸ್ಟಾಟ್‌ಗೆ, ಅಂದರೆ ಕಸ್ಟಮ್ಸ್, ಅಬಕಾರಿ ಮತ್ತು ಸೇವಾ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ.

ಪ್ರಕರಣದ ಹುರುಳಿನಲ್ಲಿ ಸಂಸ್ಥೆಯ ಕೈ ಮೇಲೇ ಇತ್ತು. 30/2012ನೇ ಅಧಿಸೂಚನೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ, 2015ರ ಏಪ್ರಿಲ್ 1ರಿಂದ ಪಾಲುದಾರಿಕೆ ಸಂಸ್ಥೆ ಅಥವಾ ಒಬ್ಬ ವ್ಯಕ್ತಿ ಕಂಪನಿಗೆ ಆಳು ಒದಗಿಸಿದರೆ ಪೂರ್ತಿ ಸೇವಾ ತೆರಿಗೆ ಕಟ್ಟಬೇಕಾದವರು ಕಂಪನಿಯವರೇ. 22 ಕೋಟಿಯಲ್ಲಿ 19 ಕೋಟಿ ಹಾಗೆ ಕಂಪನಿಗಳಿಂದ ಬಂದದ್ದು. ಉಳಿದ 3 ಕೋಟಿ ಶಾಲೆಗಳ ಕಾವಲು ಮತ್ತು ಸ್ವಚ್ಛತೆ ಕೆಲಸದ್ದು. ಅದಕ್ಕೆ 25/2012ನೇ ಅಧಿಸೂಚನೆಯ 9ನೇ ನಮೂದಿನಲ್ಲಿ ವಿನಾಯಿತಿ ಇದೆ. ಇಷ್ಟು ಗಟ್ಟಿ ಪ್ರಕರಣವಿದ್ದೂ ಮೇಲ್ಮನವಿ ವಿಚಾರಣೆಯ ಮುಖ ಕಾಣದೆ ಹೊರಬಿತ್ತು.

ಇಪ್ಪತ್ನಾಲ್ಕು ಲಕ್ಷದ ಲೆಕ್ಕ

ಮೇಲ್ಮನವಿ ವಿಚಾರಣೆಗೆ ಬರಬೇಕಾದರೆ ವಿವಾದದ ಮೊತ್ತದ ಒಂದು ಪಾಲನ್ನು ಮೊದಲೇ ಠೇವಣಿಯಾಗಿ ಕಟ್ಟಬೇಕು. ಅದನ್ನು ಹೇಳುವ, 2014ರ ಆಗಸ್ಟ್ 6ರಿಂದ ಜಾರಿಗೆ ಬಂದ ಹೊಸ 35ಎಫ್ ಸೆಕ್ಷನ್ ಅಬಕಾರಿ ಕಾಯ್ದೆಯದು. ಹಣಕಾಸು ಕಾಯ್ದೆ 1994ರ 83ನೇ ಸೆಕ್ಷನ್ ಮೂಲಕ ಸೇವಾ ತೆರಿಗೆಗೂ ಅನ್ವಯಿಸುತ್ತದೆ. ಆಯುಕ್ತರ ಮೂಲ ಆದೇಶದ ಮೇಲೆ ನ್ಯಾಯಮಂಡಳಿಗೆ ಹೋದರೆ ಶೇ 7.5. ಕೆಳಗಿನ ಅಧಿಕಾರಿಯ ಆದೇಶವಾಗಿ, ಅದರ ಮೇಲೆ ಆಯುಕ್ತರಿಗೆ (ಮೇಲ್ಮನವಿ) ಹೋಗುವಾಗ ಶೇ 7.5, ಅಲ್ಲೂ ಸೋತು ನ್ಯಾಯಮಂಡಳಿಗೆ ಬಂದರೆ ಶೇ 10. ಗರಿಷ್ಠ ಮಿತಿ 10 ಕೋಟಿ ರೂ. ತೆರಿಗೆ ಮತ್ತು ದಂಡ ಎರಡೂ ವಿವಾದದಲ್ಲಿದ್ದರೆ ಶೇಕಡಾವಾರು ಲೆಕ್ಕ ತೆರಿಗೆಯ ಮೇಲೆ ಮಾತ್ರ; ಬಡ್ಡಿ ಲೆಕ್ಕಕ್ಕೆ ಬರುವುದಿಲ್ಲ. ಬರೀ ದಂಡದ ವಿವಾದವಾದರೆ ದಂಡದ ಮೇಲೆ.

ಹಾಗಾಗಿ 3.20 ಕೋಟಿಯ ಶೇ 7.5, ಅಂದರೆ 24,00,000 ರೂ. ಸಂಸ್ಥೆಯ ಹಳೆಯ ಆಡಿಟರ್ ತೆರಿಗೆ, ದಂಡ, ಬಡ್ಡಿ ಎಲ್ಲ ಕೂಡಿಸಿ ಹತ್ತಿರಹತ್ತಿರ 70 ಲಕ್ಷ ಕಟ್ಟಬೇಕೆಂದು ಹೇಳಿದ್ದರು. ಪಾಲುದಾರರು ಕೈಚೆಲ್ಲಿ ಎರಡು ತಿಂಗಳು ಸುಮ್ಮನೆ ಕೂತದ್ದು ಆ ಮೊತ್ತ ಕೇಳಿಯೇ. ತಪ್ಪು ಲೆಕ್ಕದಿಂದಲೇ ಸಮಯ ಕಳೆಯುವುದು ಇಂಥ ಕಡತಗಳಲ್ಲಿ ಅಪರೂಪವಲ್ಲ.

ಕೊನೆಗೆ 2022ರ ಮೇ ತಿಂಗಳಲ್ಲಿ, ಮೂರು ತಿಂಗಳ ಗಡುವಿನೊಳಗೆ, ಎಸ್‌ಟಿ-5 ನಮೂನೆಯಲ್ಲಿ ನಾಲ್ಕು ಪ್ರತಿ, 10,000 ರೂ. ಶುಲ್ಕದೊಂದಿಗೆ ಮೇಲ್ಮನವಿ ದಾಖಲಾಯಿತು. ಠೇವಣಿ ಬಾಬ್ತು ತೋರಿಸಿದ್ದು ಹೀಗೆ. ತನಿಖೆ ನಡೆಯುತ್ತಿದ್ದಾಗ ಸೇವಾ ತೆರಿಗೆ ಚಲನ್‌ನಲ್ಲಿ ಕಟ್ಟಿದ್ದ 9,00,000 ರೂ. ಮೇಲ್ಮನವಿ ಹಾಕುವ ವಾರ ಜಿಎಸ್‌ಟಿ ಪೋರ್ಟಲ್‌ನಲ್ಲಿ ಡಿಆರ್‌ಸಿ-03 (ಜಿಎಸ್‌ಟಿ ಬಾಕಿಯನ್ನು ತಾವಾಗಿಯೇ ಕಟ್ಟುವ ನಮೂನೆ) ಮೂಲಕ 6,00,000 ರೂ., ಅದರಲ್ಲಿ 4 ಲಕ್ಷ ನಗದು ಲೆಡ್ಜರ್‌ನಿಂದ, 2 ಲಕ್ಷ ಖರೀದಿ ಮೇಲಿನ ಜಿಎಸ್‌ಟಿ ಜಮೆಯಾಗುವ ಕ್ರೆಡಿಟ್ ಲೆಡ್ಜರ್‌ನಿಂದ. ಉಳಿದ 9,00,000 ರೂ. "ಶೀಘ್ರದಲ್ಲೇ ಪಾವತಿಸಲಾಗುವುದು" ಎಂಬ ಒಂದು ಸಾಲು.

ಈ ಮೂರು ತುಂಡುಗಳ ಕಾನೂನು ಬೇರೆಬೇರೆ. ಮೂರನ್ನೂ ಒಟ್ಟಿಗೆ ಕಲಸಿ ಇಟ್ಟದ್ದರಿಂದಲೇ ಮುಂದಿನದೆಲ್ಲ ಕೆಟ್ಟಿತು.

ಮೊದಲ 9 ಲಕ್ಷ ಯಾವ ತಕರಾರೂ ಇಲ್ಲದೆ ಎಣಿಕೆಗೆ ಬರಬೇಕಾದ ಹಣ. 2014ರ ಸೆಪ್ಟೆಂಬರ್ 16ರ 984/08/2014ನೇ ಸುತ್ತೋಲೆ, ಮೇಲ್ಮನವಿಗೆ ಮುಂಚೆ ತನಿಖೆ ಅಥವಾ ಆಡಿಟ್ ವೇಳೆ ಕಟ್ಟಿದ್ದನ್ನು ಶೇ 7.5 ಅಥವಾ ಶೇ 10ರ ಮಟ್ಟಿಗೆ 35ಎಫ್ ಠೇವಣಿ ಎಂದೇ ಪರಿಗಣಿಸಬಹುದು ಎಂದು ಹೇಳುತ್ತದೆ. ತೊಡಕು ಬಂದದ್ದು ದಾಖಲೆಯಲ್ಲಿ. ಆಯುಕ್ತರ ಆದೇಶದಲ್ಲಿ ಆ 9 ಲಕ್ಷವನ್ನು ಬೇಡಿಕೆಗೆ ಹೊಂದಿಸಿಕೊಂಡ ಉಲ್ಲೇಖ ಇರಲಿಲ್ಲ. ಮೇಲ್ಮನವಿಯ ಜತೆ ಚಲನ್ ಪ್ರತಿಯನ್ನೂ ಲಗತ್ತಿಸಿರಲಿಲ್ಲ. ನ್ಯಾಯಮಂಡಳಿಯ ಕಚೇರಿಯಾದ ರಿಜಿಸ್ಟ್ರಿಯ ಕಣ್ಣಿಗೆ ಅದು ಬೀಳಲೇ ಇಲ್ಲ.

ಎರಡನೆಯ 6 ಲಕ್ಷದ್ದು ಆ ಕಾಲದ ಗೊಂದಲ. ಹಳೇ ಸೇವಾ ತೆರಿಗೆ ನೋಂದಣಿ ಇಲ್ಲದವರಿಗೆ ಜಿಎಸ್‌ಟಿ ಲಾಗಿನ್ ಕೈಗೆ ಸಿಗುವಷ್ಟು ಹತ್ತಿರ. ಡಿಆರ್‌ಸಿ-03ರಲ್ಲಿ ಕಟ್ಟಿ ಮುಗಿಸುವುದು ಊರೆಲ್ಲ ಮಾಡುತ್ತಿದ್ದ ಕೆಲಸ. ಬಾಂಬೆ ಹೈಕೋರ್ಟ್‌ನ ಸೊಡೆಕ್ಸೊ ಇಂಡಿಯಾ ಸರ್ವಿಸಸ್ ಪ್ರಕರಣದ ಬೆನ್ನಲ್ಲೇ ಸಿಬಿಐಸಿ (ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ) 2022ರ ಅಕ್ಟೋಬರ್ 28ರಂದು ಒಂದು ಸೂಚನೆ ಹೊರಡಿಸಿತು: ಅಬಕಾರಿ ಮತ್ತು ಸೇವಾ ತೆರಿಗೆಯ ಮೇಲ್ಮನವಿ ಠೇವಣಿಗೆ ಡಿಆರ್‌ಸಿ-03 ಊರ್ಜಿತ ಮಾರ್ಗವಲ್ಲ, ಸಿಬಿಐಸಿ-ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದಕ್ಕೆಂದೇ ಇರುವ ಪಾವತಿ ವ್ಯವಸ್ಥೆಯಲ್ಲೇ ಕಟ್ಟಬೇಕು. ನಮ್ಮ ಸಂಸ್ಥೆ ಕಟ್ಟಿದ್ದು ಅದಕ್ಕಿಂತ ಐದು ತಿಂಗಳು ಮೊದಲು. ಸದುದ್ದೇಶ ತೋರಿಸಲು ಇದಕ್ಕಿಂತ ಒಳ್ಳೆಯ ದಿನಾಂಕ ಬೇಕಿಲ್ಲ. ಆದರೆ ಸದುದ್ದೇಶ ಇದ್ದ ಮಾತ್ರಕ್ಕೆ ಹಣ ಜಿಎಸ್‌ಟಿ ಖಾತೆಯಿಂದ ಸೇವಾ ತೆರಿಗೆ ಖಾತೆಗೆ ತಾನಾಗಿ ಹರಿದು ಬರುವುದಿಲ್ಲ.

ಮೂರನೆಯ 9 ಲಕ್ಷ ನಿಜಕ್ಕೂ ಕಟ್ಟದ ಹಣ.

ವಜಾ ಆದದ್ದು ಹೇಗೆ

2022ರ ಡಿಸೆಂಬರ್‌ನಲ್ಲಿ ರಿಜಿಸ್ಟ್ರಿಯಿಂದ ಡಿಫೆಕ್ಟ್ ಮೆಮೊ, ಅಂದರೆ ಮೇಲ್ಮನವಿಯಲ್ಲಿನ ಕೊರತೆ ತಿಳಿಸುವ ಪತ್ರ, ಹೊರಟಿತು. ಅದು ಹೋದದ್ದು ಮೇಲ್ಮನವಿಯಲ್ಲಿ ಬರೆದಿದ್ದ ವಿಳಾಸಕ್ಕೆ ಮತ್ತು ಹಳೆಯ ಆಡಿಟರ್ ಇಮೇಲ್‌ಗೆ. ಅಷ್ಟರಲ್ಲಿ ಸಂಸ್ಥೆ ಪೀಣ್ಯ ಎರಡನೇ ಹಂತದಿಂದ ನೆಲಗದರನಹಳ್ಳಿ ಕಡೆಗೆ ಕಚೇರಿ ಬದಲಿಸಿತ್ತು, ಆಡಿಟರ್ ಕೂಡ ಬದಲಾಗಿದ್ದರು. 2023ರ ಮಾರ್ಚ್‌ನಲ್ಲಿ ಪ್ರಕರಣ ಪಟ್ಟಿಗೆ ಬಂದಾಗ ಹೊಸ ವಕೀಲರು ಹಾಜರಾಗಿ ನಾಲ್ಕು ವಾರ ಕೇಳಿದರು, ಸಿಕ್ಕಿತು. ಜೂನ್‌ನಲ್ಲಿ ಕೊನೆಯ ಅವಕಾಶ. ಜುಲೈನಲ್ಲಿ ಅರ್ಧ ಪುಟದ ಆದೇಶ: 35ಎಫ್ ಪಾಲನೆಯಾಗಿಲ್ಲ, ಮೇಲ್ಮನವಿ ವಜಾ. 9 ಲಕ್ಷದ ಚಲನ್ ಬಗ್ಗೆ ಆದೇಶದಲ್ಲಿ ಒಂದಕ್ಷರವೂ ಇಲ್ಲ. ಯಾರೂ ಅದನ್ನು ಮುಂದಿಟ್ಟೇ ಇರಲಿಲ್ಲ.

ಆದೇಶದ ಪ್ರತಿ ಆಗಸ್ಟ್‌ನಲ್ಲಿ ಕೈಸೇರಿತು. ಸೆಪ್ಟೆಂಬರ್‌ನಲ್ಲಿ ಹಣಕಾಸು ಕಾಯ್ದೆಯ 87ನೇ ಸೆಕ್ಷನ್ ಕೆಳಗೆ ಬ್ಯಾಂಕಿಗೂ ಮೂರು ದೊಡ್ಡ ಗ್ರಾಹಕ ಕಂಪನಿಗಳಿಗೂ ನೋಟಿಸು ಹೋಯಿತು: ಈ ಸಂಸ್ಥೆಗೆ ಕೊಡಬೇಕಾದ್ದನ್ನು ಸರ್ಕಾರಕ್ಕೆ ಕಟ್ಟಿ. ಬ್ಯಾಂಕಿನಿಂದ 3,50,000 ರೂ. ಹೋಯಿತು. ಕಂಪನಿಗಳು ಕಟ್ಟಲೂ ಇಲ್ಲ, ಸಂಸ್ಥೆಗೆ ಬಿಲ್ ಪಾಸು ಮಾಡಲೂ ಇಲ್ಲ. ಆಳುಗಳ ಸಂಬಳ, ಪಿಎಫ್ ಎರಡೂ ನಿಂತಿತು. ಮೇಲ್ಮನವಿ ಬಾಕಿ ಇರುವವರೆಗೆ, ಠೇವಣಿ ಕಟ್ಟಿದ್ದರೆ, ಉಳಿದ ಮೊತ್ತಕ್ಕೆ ಬಲವಂತದ ವಸೂಲಿ ಇಲ್ಲ ಎಂಬುದು ಅದೇ 984ನೇ ಸುತ್ತೋಲೆಯ ರಕ್ಷಣೆ. ವಜಾ ಆದ ದಿನ ಆ ರಕ್ಷಣೆಯೂ ಹೋಗುತ್ತದೆ. ಠೇವಣಿ ಕಟ್ಟದೆ ಉಳಿದಾಗ ಆಗುವ ದೊಡ್ಡ ನಷ್ಟ ಇದು. ಮೇಲ್ಮನವಿ ಕಳೆದುಕೊಳ್ಳುವುದು ಅದರ ನಂತರದ ಮಾತು.

ವಿನಾಯಿತಿ ಕೇಳುವುದೇ, ಬೇಡವೇ

ಪಾಲುದಾರರ ಮೊದಲ ಬೇಡಿಕೆ ಎಲ್ಲರದ್ದೂ ಆಗಿರುವಂಥದೇ: "ಹೈಕೋರ್ಟ್‌ಗೆ ಹೋಗಿ ಠೇವಣಿ ಪೂರ್ತಿ ಮಾಫಿ ಮಾಡಿಸಿ." 2014ಕ್ಕೆ ಮುಂಚೆ ಈ ಮಾತಿಗೆ ಅರ್ಥವಿತ್ತು. ಹಳೆಯ 35ಎಫ್‌ನಲ್ಲಿ ಪೂರ್ತಿ ಮೊತ್ತ ಕಟ್ಟಬೇಕಿತ್ತು, ಆದರೆ ಅತಿಯಾದ ಕಷ್ಟ ತೋರಿಸಿದರೆ ನ್ಯಾಯಮಂಡಳಿಯೇ ಬಿಡಬಹುದಿತ್ತು. ಕಷ್ಟ ಅಂದರೆ ಎಷ್ಟು ಎಂಬುದನ್ನು ಬೆನಾರಾ ವಾಲ್ವ್ಸ್ ತೀರ್ಪು (2006) ವಿವರಿಸಿತ್ತು. ಮೇಲ್ನೋಟಕ್ಕೆ ಗಟ್ಟಿ ಪ್ರಕರಣ, ಹಣದ ಮುಗ್ಗಟ್ಟು, ಸರ್ಕಾರದ ಹಿತ ಮೂರನ್ನೂ ತೂಗಿ ತಡೆ ಅರ್ಜಿ ತೀರ್ಮಾನವಾಗುತ್ತಿತ್ತು. ಷರತ್ತು ಪಾಲಿಸದೆ ವಜಾ ಆದರೆ ಹೈಕೋರ್ಟ್‌ನಲ್ಲಿ ಮೊತ್ತ ಇಳಿಸಿಕೊಂಡು, ಗಡುವು ವಿಸ್ತರಿಸಿಕೊಂಡು ಮೇಲ್ಮನವಿಗೆ ಮರುಜೀವ ಕೊಡಿಸುವುದು ನಿತ್ಯದ ಕೆಲಸವಾಗಿತ್ತು. ಹೊಸ ಸೆಕ್ಷನ್ ಆ ವಿವೇಚನಾಧಿಕಾರವನ್ನೇ ತೆಗೆದುಹಾಕಿತು, ಬದಲಿಗೆ ಶೇಕಡಾವಾರು ಇಳಿಸಿತು. 2014ರ ಆಗಸ್ಟ್ 6ಕ್ಕೆ ಮುನ್ನವೇ ಬಾಕಿ ಇದ್ದ ತಡೆ ಅರ್ಜಿ ಮತ್ತು ಮೇಲ್ಮನವಿಗಳಿಗೆ ಮಾತ್ರ ಹಳೆಯ ನಿಯಮ.

ಇಲ್ಲಿ ಕೆಲವರು ಹೂಸೇನ್ ಕಾಸಂ ದಾದಾ (ಇಂಡಿಯಾ) ಲಿಮಿಟೆಡ್ ತೀರ್ಪನ್ನು (1953) ಎತ್ತಿಕೊಂಡು ಬರುತ್ತಾರೆ. ವ್ಯಾಜ್ಯ ಶುರುವಾದ ದಿನದ ಮೇಲ್ಮನವಿ ಹಕ್ಕನ್ನು ನಂತರದ ತಿದ್ದುಪಡಿ ಕಿತ್ತುಕೊಳ್ಳಲಾಗದು ಎಂಬುದು ಅದರ ಸಾರ. ಆದರೆ ಕಾಯ್ದೆ ಸ್ಪಷ್ಟವಾಗಿ ಅಥವಾ ಅನಿವಾರ್ಯ ಸೂಚ್ಯವಾಗಿ ಬೇರೆ ಹೇಳಿದ್ದರೆ ಆ ಮಾತು ನಿಲ್ಲದು. ಕಸ್ಟಮ್ಸ್ ಕಾಯ್ದೆಯ 129ಇ ಸೆಕ್ಷನ್ ಇದೇ ಅಚ್ಚಿನದು. ಅದರ ಬಗ್ಗೆ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ, ತಿದ್ದುಪಡಿಯ ನಂತರದ ಆದೇಶದ ಮೇಲೆ ಹಾಕುವ ಮೇಲ್ಮನವಿಗೆ ಹೊಸ ಠೇವಣಿಯೇ ಅನ್ವಯ, ಹಳೆಯ ಮಾಫಿ ಅಧಿಕಾರ ಕೇಳಲು ಬಾರದು ಎಂದಿತು. ನಮ್ಮ ಸಂಸ್ಥೆಯ ಆದೇಶ 2022ರದು. ಈ ಬಾಗಿಲು ತಟ್ಟುವುದರಲ್ಲಿ ಅರ್ಥವಿಲ್ಲ.

ಉಳಿದದ್ದು ಹೈಕೋರ್ಟ್‌ಗೆ ರಿಟ್ ಅಧಿಕಾರ ಕೊಡುವ ಸಂವಿಧಾನದ 226ನೇ ವಿಧಿ. ಪಂಜಾಬ್ ವ್ಯಾಟ್ ಕಾಯ್ದೆಯ ಶೇ 25ರ ಠೇವಣಿಯನ್ನು ಎತ್ತಿಹಿಡಿದ ಟೆಕ್ನಿಮಾಂಟ್ ಪ್ರೈವೇಟ್ ಲಿಮಿಟೆಡ್ ತೀರ್ಪು (2019) ಎರಡು ಮಾತು ಹೇಳಿತು: ಕಾಯ್ದೆ ಕೊಡದ ಮಾಫಿ ಅಧಿಕಾರ ಮೇಲ್ಮನವಿ ಪ್ರಾಧಿಕಾರಕ್ಕೆ ಇಲ್ಲ, ನಿಜವಾದ, ವಿಪರೀತ ಕಷ್ಟವಿದ್ದರೆ ರಿಟ್ ಅರ್ಜಿಯ ದಾರಿ ಇದೆ. ದೆಹಲಿ ಹೈಕೋರ್ಟ್ ಪಯೋನಿಯರ್ ಕಾರ್ಪೊರೇಷನ್ ಪ್ರಕರಣದಲ್ಲಿ (2016) 35ಎಫ್ ಬಗ್ಗೆಯೇ ಇದೇ ಧಾಟಿಯಲ್ಲಿ, ಅಪರೂಪದ ಯೋಗ್ಯ ಪ್ರಕರಣಗಳಿಗೆ ಮಾತ್ರ ಎಂದಿತ್ತು. ಇನ್ನೊಂದು ಕಡೆ, ಸಾಲ ವಸೂಲಾತಿ ಮೇಲ್ಮನವಿ ನ್ಯಾಯಮಂಡಳಿಯ ಠೇವಣಿ ಕುರಿತ ಕೋಟಕ್ ಮಹೀಂದ್ರಾ ಬ್ಯಾಂಕ್ ಪ್ರಕರಣದಲ್ಲಿ (2021) ಸುಪ್ರೀಂ ಕೋರ್ಟ್, ಶೇ 25ಕ್ಕಿಂತ ಕೆಳಗೆ ಇಳಿಸಲಾಗದೆಂದು ಕಾಯ್ದೆಯೇ ಹೇಳಿರುವಾಗ ಹೈಕೋರ್ಟ್ ಪೂರ್ತಿ ಮಾಫಿ ಕೊಟ್ಟದ್ದನ್ನು ಒಪ್ಪಲಿಲ್ಲ. ಎರಡನ್ನೂ ಸೇರಿಸಿ ಓದಿದರೆ, ವರ್ಷಕ್ಕೆ ಕೋಟಿಗಟ್ಟಲೆ ವಹಿವಾಟಿರುವ ಲೇಬರ್ ಕಾಂಟ್ರ್ಯಾಕ್ಟ್ ಸಂಸ್ಥೆಗೆ ಮಾಫಿ ಸಿಗುವ ಸಾಧ್ಯತೆ ಎಷ್ಟು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸುಮ್ಮನೆ ಕೇಳಿನೋಡೋಣ ಎನ್ನುವುದೂ ಅಪಾಯವೇ. ಮಾಫಿ ಕೇಳಿ ಸೋತರೆ, "ಹಣ ಕಟ್ಟಲು ಇಷ್ಟವಿಲ್ಲದವರು" ಎಂಬ ಹಣೆಪಟ್ಟಿ ಮುಂದಿನ ಅರ್ಜಿಗೂ ಅಂಟಿಕೊಳ್ಳುತ್ತದೆ.

ಈ ಕಡತದಲ್ಲಿ ಕೇಳಬೇಕಾದದ್ದು ಎರಡೇ: ಕಟ್ಟಿದ್ದನ್ನು ಎಣಿಸಿ, ಕಟ್ಟದ್ದಕ್ಕೆ ಗಡುವು ಕೊಡಿ.

ಯಾವ ಬಾಗಿಲು

ಮೂರು ದಾರಿಗಳಿದ್ದವು. ನ್ಯಾಯಮಂಡಳಿಯಲ್ಲೇ 500 ರೂ. ಶುಲ್ಕ ಕಟ್ಟಿ ಪುನರ್‌ಸ್ಥಾಪನೆ ಅರ್ಜಿ ಹಾಕುವುದು ಎಲ್ಲಕ್ಕಿಂತ ಅಗ್ಗ. ಕೈಯಲ್ಲಿ ಪೂರ್ತಿ ಹಣವಿದ್ದು, ಕಟ್ಟಿದ ಚಲನ್ ಜತೆಗೇ ಹೋದರೆ, ತಡವಾದದ್ದಕ್ಕೆ ಒಪ್ಪುವ ಕಾರಣವಿದ್ದರೆ ಅಲ್ಲೇ ಮುಗಿಯಬಹುದು. 9 ಲಕ್ಷ ಎಣಿಸದೆ ಬಿಟ್ಟದ್ದು ದಾಖಲೆಯಲ್ಲೇ ಕಾಣುವ ತಪ್ಪಾಗಿದ್ದರೆ 35ಸಿ(2) ಕೆಳಗೆ ಆರು ತಿಂಗಳೊಳಗೆ ತಿದ್ದುಪಡಿ ಅರ್ಜಿಗೂ ಅವಕಾಶವಿತ್ತು. ಇಲ್ಲಿ ಚಲನ್ ದಾಖಲೆಯಲ್ಲೇ ಇರಲಿಲ್ಲವಾದ್ದರಿಂದ ಅದು ನಿಲ್ಲದು. ಅದಕ್ಕಿಂತ ದೊಡ್ಡ ತಡೆ ಎಂದರೆ ಕೈಯಲ್ಲಿ ಹಣವಿರಲಿಲ್ಲ, ಬ್ಯಾಂಕಿಗೂ ಕಂಪನಿಗಳಿಗೂ ಹೋದ ಆ ಗಾರ್ನಿಶೀ ನೋಟಿಸಿನಿಂದಾಗಿ ಬರಬೇಕಾದ ಹಣವೂ ನಿಂತಿತ್ತು. ನ್ಯಾಯಮಂಡಳಿ ಎರಡು ಬಾರಿ ಗಡುವು ಕೊಟ್ಟಾಗಿತ್ತು. ಹಣವಿಲ್ಲದೆ ಮೂರನೇ ಬಾರಿ ಅದೇ ಬಾಗಿಲಿಗೆ ಹೋಗುವುದು ವ್ಯರ್ಥ.

ಎರಡನೆಯದು ರಿಟ್. ಕರ್ನಾಟಕದಲ್ಲಿ ಅದು ಏಕಸದಸ್ಯ ಪೀಠದ ಮುಂದೆ ಬರುತ್ತದೆ; ಸೋತರೆ ಕರ್ನಾಟಕ ಹೈಕೋರ್ಟ್ ಕಾಯ್ದೆ 1961ರ 4ನೇ ಸೆಕ್ಷನ್ ಕೆಳಗೆ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ. ಮಾಫಿಯನ್ನೇ ಕೇಳುವವರಿಗೆ ಬೇರೆ ದಾರಿ ಇಲ್ಲ. ಆದರೆ ಕಾಯ್ದೆಯಲ್ಲೇ ಮೇಲ್ಮನವಿ ಇರುವಾಗ ರಿಟ್ ಯಾಕೆ ಎಂಬ ಆಕ್ಷೇಪ ಇಲಾಖೆಯಿಂದ ಮೊದಲ ದಿನವೇ ಬರುತ್ತದೆ.

ಮೂರನೆಯದು 35ಜಿ ಕೆಳಗೆ ಹೈಕೋರ್ಟ್‌ಗೆ ಮೇಲ್ಮನವಿ. ಆದೇಶ ಕೈಸೇರಿದ ದಿನದಿಂದ 180 ದಿನ. ತಡವಾದರೆ 35ಜಿ(2ಎ) ಕೆಳಗೆ ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಇಬ್ಬರಿಗೆ ಕಡಿಮೆಯಿಲ್ಲದ ನ್ಯಾಯಮೂರ್ತಿಗಳ ಪೀಠ ಕೇಳಬೇಕು, ಗಣನೀಯ ಕಾನೂನು ಪ್ರಶ್ನೆ ಇರಬೇಕು. ತೆರಿಗೆ ದರ ಅಥವಾ ಮೌಲ್ಯದ ಪ್ರಶ್ನೆಯಾದರೆ 35ಎಲ್ ಕೆಳಗೆ ಸುಪ್ರೀಂ ಕೋರ್ಟ್‌ಗೆ ಹೋಗಬೇಕಾಗುತ್ತದೆ. ಠೇವಣಿ ಪಾಲನೆಯ ವಿಷಯಕ್ಕೆ ಆ ತೊಡಕಿಲ್ಲ. ಈ ಕಡತಕ್ಕೆ ಹೊಂದಿದ್ದು ಇದೇ. 2023ರ ಅಕ್ಟೋಬರ್‌ನಲ್ಲಿ, ಗಡುವಿಗೆ ಇನ್ನೂ ಸಾಕಷ್ಟು ದಿನ ಇರುವಾಗಲೇ ದಾಖಲಿಸಲಾಯಿತು. ಜತೆಗೆ ವಸೂಲಿಗೆ ತಡೆ ಕೋರಿ ಮಧ್ಯಂತರ ಅರ್ಜಿ.

ಕಾನೂನು ಪ್ರಶ್ನೆಗಳು ಮೂರು. ತನಿಖೆಯ ವೇಳೆ ಅದೇ ತೆರಿಗೆಯ ಖಾತೆಗೆ ಕಟ್ಟಿದ ಹಣವನ್ನು 984ನೇ ಸುತ್ತೋಲೆಯ ಹೊರತಾಗಿಯೂ ಬದಿಗಿಡಬಹುದೇ? 2022ರ ಅಕ್ಟೋಬರ್ ಸೂಚನೆಗೆ ಮುಂಚೆ ಡಿಆರ್‌ಸಿ-03ರಲ್ಲಿ ಕಟ್ಟಿದವರಿಗೆ ಸರಿಯಾದ ಖಾತೆಗೆ ಕಟ್ಟಲು ಅವಕಾಶ ಕೊಡದೆ ವಜಾ ಮಾಡಬಹುದೇ? ಮೂರನೆಯದು ಹಳೆಯದಾದರೂ ಬಲವಾದದ್ದು: ಠೇವಣಿ ಯಾವ ಹೊತ್ತಿಗೆ ಇರಬೇಕು? ಲಕ್ಷ್ಮೀರತನ್ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ (1968) ಸುಪ್ರೀಂ ಕೋರ್ಟ್, ಕಡತವನ್ನು ವಿಚಾರಣೆಗೆ ಮೊದಲ ಸಲ ಕೈಗೆತ್ತಿಕೊಳ್ಳುವ ಹೊತ್ತಿಗೆ ಪಾವತಿಯ ಪುರಾವೆ ಇದ್ದರೆ ಸಾಕು, ದಾಖಲಿಸಿದ ದಿನವೇ ಬೇಕೆಂದಿಲ್ಲ ಎಂದಿತ್ತು. ರಂಜಿತ್ ಇಂಪೆಕ್ಸ್ (2013), ಎಸ್.ಇ. ಗ್ರಾಫೈಟ್ಸ್ (2019) ಅದೇ ಗೆರೆಯಲ್ಲಿವೆ. ಈ ತೀರ್ಪುಗಳು ಗಡುವು ತಪ್ಪಿದವರನ್ನು ತಾವಾಗಿಯೇ ಉಳಿಸುವುದಿಲ್ಲ. ಆದರೆ ಠೇವಣಿಯ ಉದ್ದೇಶ ಮೇಲ್ಮನವಿಗೆ ಷರತ್ತು ಹಾಕುವುದೇ ಹೊರತು ಅದನ್ನು ನುಂಗುವುದಲ್ಲ ಎಂಬ ವಾದಕ್ಕೆ ನೆಲಗಟ್ಟು ಒದಗಿಸುತ್ತವೆ.

ಅರ್ಜಿಯ ಜತೆ ಇಟ್ಟದ್ದು

ತೀರ್ಮಾನ ಬರೆಸಿದ್ದು ಕಾನೂನಿಗಿಂತ ಹೆಚ್ಚಾಗಿ ಲಗತ್ತುಗಳು ಎನ್ನಬಹುದು.

ಮೊದಲ ಪುಟದಲ್ಲೇ ಒಂದು ಕೋಷ್ಟಕ: ಮೊತ್ತ, ದಿನಾಂಕ, ಚಲನ್ ಸಂಖ್ಯೆ, ಯಾವ ತೆರಿಗೆ ಖಾತೆ, ಯಾವ ಕಮಿಷನರೇಟ್ ಕೋಡ್. 9 ಲಕ್ಷದ ಚಲನ್ ಮೂಲಪ್ರತಿ ಸಿಗದಿದ್ದಾಗ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ತನಿಖಾ ಕಚೇರಿಗೆ ಆಗ ಬರೆದಿದ್ದ ಪಾವತಿ ಪತ್ರದ ಸ್ವೀಕೃತಿ ಮೊಹರಿನ ಪ್ರತಿಯನ್ನು ಹುಡುಕಲಾಯಿತು. ಆ ಪತ್ರದಲ್ಲಿ "ತನಿಖೆಗೆ ಸಂಬಂಧಿಸಿ, ಆಕ್ಷೇಪಣೆಯೊಂದಿಗೆ" ಎಂದಿದ್ದದ್ದು ಮುಂದೆ ತುಂಬ ನೆರವಾಯಿತು. ತನಿಖೆ ವೇಳೆ ಹಣ ಕಟ್ಟುವವರು ಅಂದೇ ಇಂಥದ್ದೊಂದು ಪತ್ರ ಕೊಟ್ಟು ಮೊಹರು ಹಾಕಿಸಿಕೊಳ್ಳಬೇಕು, ಬಹುತೇಕರು ಕೊಡುವುದಿಲ್ಲ.

ಹಣದ ಮುಗ್ಗಟ್ಟು ತೋರಿಸಲು ಮೂರು ವರ್ಷದ ಬ್ಯಾಲೆನ್ಸ್ ಶೀಟ್, ಆದಾಯ ತೆರಿಗೆ ರಿಟರ್ನ್, ಎಲ್ಲ ಖಾತೆಗಳ ಆರು ತಿಂಗಳ ಸ್ಟೇಟ್‌ಮೆಂಟ್, ಬಾಕಿ ನಿಂತ ಬಿಲ್‌ಗಳ ಪಟ್ಟಿ, ಕಟ್ಟಲಾಗದ ಪಿಎಫ್ ಚಲನ್. ಮಾಫಿ ಕೇಳದಿದ್ದರೂ ಇವೆಲ್ಲ ಬೇಕು, ಯಾಕೆಂದರೆ ಗಡುವು ಎಷ್ಟು ವಾರ ಎಂಬುದನ್ನು ನಿರ್ಧರಿಸುವುದು ಇವೇ. ಪಾಲುದಾರರ ಸ್ವಂತ ಆಸ್ತಿಯ ವಿವರವನ್ನೂ ಬಚ್ಚಿಡದೆ ಅಫಿಡವಿಟ್‌ನಲ್ಲಿ ಹೇಳಲಾಯಿತು. ರಾಜಾಜಿನಗರದಲ್ಲಿ ಮನೆಯಿದೆ, ಅದು ಬ್ಯಾಂಕಿಗೆ ಅಡವಾಗಿದೆ. ಇಂಥದ್ದು ಮುಚ್ಚಿಟ್ಟು ಇಲಾಖೆಯ ವಕೀಲರ ಬಾಯಿಂದ ಹೊರಬಂದರೆ ಆ ದಿನವೇ ಕಥೆ ಮುಗಿಯುತ್ತದೆ.

ಪ್ರಕರಣದ ಹುರುಳಿಗೆ, 19 ಕೋಟಿಯ ಸೇವೆ ಪಡೆದ ಕಂಪನಿಗಳಲ್ಲಿ ನಾಲ್ಕು ಕಂಪನಿಗಳಿಂದ ತಾವೇ ಸೇವಾ ತೆರಿಗೆ ಕಟ್ಟಿದ ಬಗ್ಗೆ ಪ್ರಮಾಣಪತ್ರ ಮತ್ತು ಅವರ ಎಸ್‌ಟಿ-3 ರಿಟರ್ನ್ ಪುಟಗಳು. ಠೇವಣಿ ಮಾಫಿಗೆ ಇದು ಇಂದು ಆಧಾರವಾಗದು. ಆದರೆ ಅದೇ ವಹಿವಾಟಿನ ತೆರಿಗೆ ಆಗಲೇ ಸರ್ಕಾರಕ್ಕೆ ಸೇರಿದೆ ಎಂದು ತೋರಿದರೆ, ಎಂಟು ವಾರ ಕೊಟ್ಟರೆ ಖಜಾನೆಗೆ ಧಕ್ಕೆಯಿಲ್ಲ ಎಂಬುದು ನ್ಯಾಯಾಲಯಕ್ಕೆ ಸುಲಭದಲ್ಲಿ ಮನದಟ್ಟಾಗುತ್ತದೆ.

ವಿಳಾಸ ಬದಲಾವಣೆಗೆ ಬಾಡಿಗೆ ಕರಾರು ಮತ್ತು ಜಿಎಸ್‌ಟಿ ನೋಂದಣಿ ತಿದ್ದುಪಡಿ. ಹಳೆಯ ಆಡಿಟರ್ ಮೇಲೆ ದೂರು ಹೊರಿಸುವ ಪ್ಯಾರಾ ಕರಡಿನಲ್ಲಿತ್ತು, ತೆಗೆದುಹಾಕಲಾಯಿತು. ಮಾರ್ಚ್ ಮತ್ತು ಜೂನ್‌ನಲ್ಲಿ ಹೊಸ ವಕೀಲರೇ ಹಾಜರಿದ್ದರು ಎಂಬುದು ದಾಖಲೆಯಲ್ಲಿರುವಾಗ ಆ ದೂರು ತಿರುಗಿ ಬೀಳುತ್ತಿತ್ತು.

ಆದೇಶ

ಇಲಾಖೆಯ ಪ್ಯಾನಲ್ ವಕೀಲರಿಗೆ ಮೊದಲೇ ಪ್ರತಿ ಕೊಟ್ಟು, ಕೋಷ್ಟಕದ ಮೇಲೆ ಕಚೇರಿಯಿಂದ ಸೂಚನೆ ಪಡೆಯಲು ಕೇಳಿಕೊಳ್ಳಲಾಯಿತು. ಅವರು 9 ಲಕ್ಷ ಸೇವಾ ತೆರಿಗೆ ಖಾತೆಗೆ ಬಂದಿರುವುದನ್ನು ಖಚಿತಪಡಿಸಿದರು. ಬ್ಯಾಂಕಿನಿಂದ ಹೋದ 3.5 ಲಕ್ಷವೂ ಅದೇ ಖಾತೆಯಲ್ಲಿತ್ತು. ಅದನ್ನು ಠೇವಣಿಗೆ ಹೊಂದಿಸಲು ಮೊದಲು ಒಪ್ಪಲಿಲ್ಲ, "ವಸೂಲಿ ಬೇರೆ, ಠೇವಣಿ ಬೇರೆ" ಎಂದರು. ಮೇಲ್ಮನವಿ ಮರಳಿ ಜೀವ ಪಡೆದರೆ ಆ ವಸೂಲಿಗೆ ನೆಲೆಯೇ ಇರುವುದಿಲ್ಲ ಎಂಬ ಉತ್ತರಕ್ಕೆ ಎದುರುಮಾತು ಬರಲಿಲ್ಲ. ಡಿಆರ್‌ಸಿ-03ರ 6 ಲಕ್ಷದ ಮೇಲೆ ಸಂಸ್ಥೆ ಪಟ್ಟು ಹಿಡಿಯಲಿಲ್ಲ. ಎಣಿಸಬೇಕೆಂಬ ವಾದದಲ್ಲಿ ಬಲವಿತ್ತು, ಆದರೆ ಆ ಒಂದು ಅಂಶಕ್ಕೆ ಇಲಾಖೆ ಸುಪ್ರೀಂ ಕೋರ್ಟ್‌ವರೆಗೆ ಹೋಗಬಹುದಿತ್ತು; ಸಂಬಳ ನಿಂತ ಸಂಸ್ಥೆಗೆ ಅಷ್ಟು ಕಾಲ ಇರಲಿಲ್ಲ.

2023ರ ಡಿಸೆಂಬರ್‌ನ ಆದೇಶದ ಸಾರ: ನ್ಯಾಯಮಂಡಳಿಯ ವಜಾ ಆದೇಶ ರದ್ದು. 24 ಲಕ್ಷದಲ್ಲಿ 12.5 ಲಕ್ಷ ಸಂದಾಯವಾಗಿದೆಯೆಂದು ಪರಿಗಣನೆ. ಉಳಿದ 11,50,000 ರೂ. ಎರಡು ಕಂತಿನಲ್ಲಿ, ಎಂಟು ವಾರದೊಳಗೆ. ಕಟ್ಟಿದರೆ ಮೇಲ್ಮನವಿ ಮೂಲ ಸಂಖ್ಯೆಯಲ್ಲೇ ಪುನರ್‌ಸ್ಥಾಪನೆ, ತಪ್ಪಿದರೆ ವಜಾ ಆದೇಶ ತಾನಾಗಿ ಊರ್ಜಿತ. ಮೊದಲ ಕಂತು ಕಟ್ಟಿದ ಕೂಡಲೇ ಗಾರ್ನಿಶೀ ನೋಟಿಸು ಹಿಂಪಡೆಯಬೇಕು. ಕಾನೂನು ಪ್ರಶ್ನೆಗಳು ಮುಕ್ತ.

ತಾನಾಗಿ ಊರ್ಜಿತವಾಗುವ ಷರತ್ತನ್ನು ಹಗುರವಾಗಿ ತೆಗೆದುಕೊಂಡು ಎರಡನೇ ಸಲ ಕೆಟ್ಟವರು ಬಹಳ. ಎಂಟು ವಾರದ ಎಣಿಕೆ ಆದೇಶದ ದಿನದಿಂದಲೋ ದೃಢೀಕೃತ ಪ್ರತಿ ಸಿಕ್ಕ ದಿನದಿಂದಲೋ ಎಂದು ಆದೇಶದಲ್ಲಿ ಬರೆದದ್ದನ್ನೇ ನೋಡಬೇಕು. ಬರೆದಿಲ್ಲದಿದ್ದರೆ ಆದೇಶದ ದಿನದಿಂದ ಎಂದೇ ನಡೆದುಕೊಳ್ಳುವುದು ಕ್ಷೇಮ. ಹಣ ಹೊಂದದಿದ್ದರೆ ವಿಸ್ತರಣೆ ಅರ್ಜಿ ಗಡುವು ಮುಗಿಯುವ ಮುನ್ನವೇ ದಾಖಲಾಗಬೇಕು.

ಪಾವತಿಯಲ್ಲೂ ಒಂದು ಸಿಕ್ಕು ಬಂತು. ಸಿಬಿಐಸಿ-ಜಿಎಸ್‌ಟಿ ಪೋರ್ಟಲ್‌ನಲ್ಲಿ ಸೇವಾ ತೆರಿಗೆ ನೋಂದಣಿ ಇಲ್ಲದವರು ಮೊದಲು ಅಲ್ಲೇ ನೋಂದಣಿ ಮಾಡಿಕೊಂಡು ಗುರುತಿನ ಸಂಖ್ಯೆ ಪಡೆಯಬೇಕು. ಕೊನೆಯ ದಿನ ಕೂತರೆ ಆಗುವ ಕೆಲಸವಲ್ಲ. ಗುರುತಿನ ಸಂಖ್ಯೆ ಬಂದ ಮೇಲೆ ಸರಿಯಾದ ಕಮಿಷನರೇಟ್ ಆಯ್ದು, ತೆರಿಗೆ ಬಾಬ್ತಿನಲ್ಲೇ ಚಲನ್ ತೆಗೆದು ಕಟ್ಟಬೇಕು. ಬಡ್ಡಿ ಅಥವಾ ದಂಡದ ಬಾಬ್ತಿಗೆ ಹೋದರೆ ರಿಜಿಸ್ಟ್ರಿಯಲ್ಲಿ ಮತ್ತೆ ಡಿಫೆಕ್ಟ್. ಮೊದಲ ಕಂತು 6 ಲಕ್ಷ ಜನವರಿಯಲ್ಲಿ, ಎರಡನೆಯ 5.5 ಲಕ್ಷ ಫೆಬ್ರವರಿ ಮೊದಲ ವಾರದಲ್ಲಿ. ಎರಡೂ ಚಲನ್, ಹೈಕೋರ್ಟ್ ಆದೇಶದ ದೃಢೀಕೃತ ಪ್ರತಿ, ಪಾಲನಾ ಮೆಮೊ, ಬದಲಾದ ವಿಳಾಸದ ಅರ್ಜಿ ಒಟ್ಟಿಗೆ ನ್ಯಾಯಮಂಡಳಿಯ ರಿಜಿಸ್ಟ್ರಿಗೆ ಹೋಯಿತು. ಗಾರ್ನಿಶೀ ಹಿಂಪಡೆದ ಪತ್ರವನ್ನು ಇಲಾಖೆ ಕಂಪನಿಗಳಿಗೆ ಕಳಿಸುವವರೆಗೆ ಕಾಯದೆ, ಪ್ರತಿಯನ್ನು ಸಂಸ್ಥೆಯವರೇ ಮೂರೂ ಕಂಪನಿಗಳ ಅಕೌಂಟ್ಸ್ ವಿಭಾಗಕ್ಕೆ ಮುಟ್ಟಿಸಿದರು. ಬಿಲ್ ಬಿಡುಗಡೆಯಾದದ್ದು ಅದರಿಂದ.

ಉಳಿದ ಬಾಲಗಳು

ಡಿಆರ್‌ಸಿ-03ರಲ್ಲಿ ಸಿಲುಕಿದ 6 ಲಕ್ಷ ಎರಡು ಭಾಗವಾಗಿ ಹಿಂದಕ್ಕೆ ಬರಬೇಕು. ಆರ್‌ಎಫ್‌ಡಿ-01 ಅರ್ಜಿ, ನಗದಿನ 4 ಲಕ್ಷಕ್ಕೆ ಮರುಪಾವತಿ, ಕ್ರೆಡಿಟ್‌ನ 2 ಲಕ್ಷಕ್ಕೆ ಲೆಡ್ಜರ್‌ಗೆ ಮರುಜಮೆ. ತಪ್ಪಾಗಿ ಕಟ್ಟಿದ ಹಣಕ್ಕೆ ಜಿಎಸ್‌ಟಿ ಕಾಯ್ದೆಯ 54ನೇ ಸೆಕ್ಷನ್‌ನ ಎರಡು ವರ್ಷದ ಮಿತಿ ಅನ್ವಯಿಸದು ಎಂದು ವಾದಿಸುವವರಿದ್ದಾರೆ. ಕಟ್ಟಿದ್ದು 2022ರ ಮೇ. 2024ರ ಏಪ್ರಿಲ್‌ನಲ್ಲೇ ಅರ್ಜಿ ಹಾಕಿದರೆ ಆ ವಾದವೇ ಬೇಕಾಗುವುದಿಲ್ಲ.

ಇದೇ ತಪ್ಪನ್ನು ಜಿಎಸ್‌ಟಿ ವ್ಯಾಜ್ಯಕ್ಕೆ ಹಾಗೆಯೇ ಹೊರಿಸಬಾರದು, ಅಲ್ಲಿ ನಿಯಮ ಬೇರೆ. ಮೊದಲ ಮೇಲ್ಮನವಿಗೆ ಒಪ್ಪಿಕೊಂಡ ಮೊತ್ತ ಪೂರ್ತಿ ಮತ್ತು ವಿವಾದಿತ ತೆರಿಗೆಯ ಶೇ 10. ಜಿಎಸ್‌ಟಿ ಮೇಲ್ಮನವಿ ನ್ಯಾಯಮಂಡಳಿಗೆ ಅದರ ಮೇಲೆ ಇನ್ನೂ ಶೇ 10. 2024ರ ನವೆಂಬರ್ 1ಕ್ಕೆ ಮುಂಚೆ ಈ ಎರಡನೆಯದು ಶೇ 20 ಇತ್ತು. ಜಿಎಸ್‌ಟಿ ಠೇವಣಿಯನ್ನು ಕ್ರೆಡಿಟ್ ಲೆಡ್ಜರ್‌ನಿಂದ ಕಟ್ಟಬಹುದೆಂದು ಗುಜರಾತ್ ಹೈಕೋರ್ಟ್ ಯಶೋ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿತು, 2025ರಲ್ಲಿ ಸುಪ್ರೀಂ ಕೋರ್ಟ್ ಅದರ ವಿರುದ್ಧದ ಅರ್ಜಿಯನ್ನು ವಜಾ ಮಾಡಿತು. ಹಳೇ ಸೇವಾ ತೆರಿಗೆಯ ಕಡತಕ್ಕೆ ಈ ತೀರ್ಪು ತೋರಿಸಿ ಪ್ರಯೋಜನವಿಲ್ಲ.

ಮೇಲ್ಮನವಿ ಗೆದ್ದರೆ 24 ಲಕ್ಷ ವಾಪಸ್ ಬರಲು ಉದ್ದದ ಮರುಪಾವತಿ ಅರ್ಜಿ ಬೇಕಿಲ್ಲ. ಸುತ್ತೋಲೆಯ ಪ್ರಕಾರ ಒಂದು ಸರಳ ಪತ್ರ, ಜತೆಗೆ ನ್ಯಾಯಮಂಡಳಿ ಆದೇಶ ಮತ್ತು ಚಲನ್ ಪ್ರತಿ. ಪತ್ರ ತಲುಪಿದ 15 ದಿನದೊಳಗೆ ಇಲಾಖೆ ಹಣ ಕೊಡಬೇಕು. 35ಎಫ್‌ಎಫ್ ಕೆಳಗೆ ಶೇ 6 ಬಡ್ಡಿ, ಕಟ್ಟಿದ ದಿನದಿಂದ. ತನಿಖೆ ವೇಳೆ ಕಟ್ಟಿದ 9 ಲಕ್ಷಕ್ಕೆ ಮಾತ್ರ ಮೇಲ್ಮನವಿ ದಾಖಲಾದ ದಿನವನ್ನೇ ಠೇವಣಿ ದಿನವೆಂದು ಸುತ್ತೋಲೆ ಹೇಳುವುದರಿಂದ, ಪತ್ರದಲ್ಲಿ ಅದರ ಬಡ್ಡಿಯನ್ನು 2022ರ ಮೇ ತಿಂಗಳಿನಿಂದ ಬರೆಯಬೇಕು. ನೋಟಿಸಿಗೂ ಮುಂಚಿನ ದಿನಾಂಕ ಹಾಕಿ ಕಳಿಸಿದರೆ ಪತ್ರ ಸ್ಪಷ್ಟೀಕರಣಕ್ಕೆಂದು ವಾಪಸ್ ಬಂದು, 15 ದಿನದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.